ಡಿಬೀವರ್‌ನಿಂದ ಮೈಎಸ್‌ಕ್ಯೂಎಲ್ 8 ಸಂಪರ್ಕ: ಡ್ರೈವರ್ ಇಳಿಯುತ್ತಿಲ್ಲ, ಆಮೇಲೆ ‘ಪಬ್ಲಿಕ್ ಕೀ’ ತಕರಾರು, ಈಗ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ

ಪುಸ್ತಕದ_ಪಟ್ಟಿ

ಎಲ್ಲರಿಗೂ ನಮಸ್ಕಾರ. ನಮ್ಮೂರ ವಾಚನಾಲಯದ ಪುಸ್ತಕಗಳ ಪಟ್ಟಿ ಒಂದು ಹಳೆಯ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲಿನಲ್ಲಿದೆ. ಅದನ್ನು ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಸಾಗಿಸಿ, ಓದುಗರು ಫೋನಿನಲ್ಲೇ ಪುಸ್ತಕ ಹುಡುಕುವ ಹಾಗೆ ಮಾಡಬೇಕೆಂದು ನಾವು ಕೆಲವರು ಹೊರಟಿದ್ದೇವೆ. ಸರ್ವರ್ ಬಾಡಿಗೆಯದು, ಉಬುಂಟು, ಮೈಎಸ್‌ಕ್ಯೂಎಲ್ 8.0. ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್, ಅದರಲ್ಲಿ ಡೇಟಾಬೇಸ್ ತೆರೆದು ನೋಡುವ ಡಿಬೀವರ್ ಟೂಲಿನ ಕಮ್ಯುನಿಟಿ ಆವೃತ್ತಿ.

ಹೊಸ ಕನೆಕ್ಷನ್ ತೆರೆದು, ಮೈಎಸ್‌ಕ್ಯೂಎಲ್ ಆರಿಸಿ, ಹೋಸ್ಟ್, ಪೋರ್ಟ್ 3306, ಯೂಸರ್, ಪಾಸ್‌ವರ್ಡ್ ಎಲ್ಲ ತುಂಬಿ ‘ಟೆಸ್ಟ್ ಕನೆಕ್ಷನ್’ ಒತ್ತಿದರೆ ಡ್ರೈವರ್ ಫೈಲ್ ಇಳಿಸಿಕೊಳ್ಳಬೇಕು ಎನ್ನುತ್ತದೆ. ‘ಡೌನ್‌ಲೋಡ್’ ಒತ್ತಿದರೆ ಸ್ವಲ್ಪ ಹೊತ್ತು ಸುತ್ತಿ ಟೈಮ್‌ಔಟ್. ಕೆಲಸದ ಜಾಗದ ನೆಟ್‌ವರ್ಕಿನಲ್ಲಿದ್ದೇನೆ, ಬ್ರೌಸರಿನಲ್ಲಿ ಎಲ್ಲ ಸೈಟುಗಳೂ ತೆರೆಯುತ್ತವೆ. ಈ ಡ್ರೈವರ್ ಅಂದರೆ ಏನು? ಅದನ್ನು ನಾವೇ ತಂದು ಹಾಕಬಹುದೇ?

ಜೋಳದರೊಟ್ಟಿ_ಜಾವಾ

ಬ್ರೌಸರ್‌ಗೆ ನಿಮ್ಮ ಆಫೀಸಿನ ಪ್ರಾಕ್ಸಿ (ಹೊರಗಿನ ನೆಟ್‌ಗೆ ಹೋಗೋ ನಡುವಿನ ಸರ್ವರ್) ಗೊತ್ತೈತಿ, ಡಿಬೀವರ್‌ಗೆ ಗೊತ್ತಿಲ್ಲ. ಅದು ಡ್ರೈವರನ್ನ ಮೇವನ್ ಸೆಂಟ್ರಲ್ ಅನ್ನೋ ಜಾವಾ ಲೈಬ್ರರಿಗಳ ಭಂಡಾರದಿಂದ ತರತೈತಿ. ವಿಂಡೋ ಮೆನು, ಪ್ರಿಫರೆನ್ಸಸ್, ಕನೆಕ್ಷನ್ಸ್, ಡ್ರೈವರ್ಸ್ ಅಂತ ಹೋಗ್ರಿ, ಪ್ರಾಕ್ಸಿ ಹೋಸ್ಟ್, ಪೋರ್ಟ್ ಹಾಕೋ ಜಾಗ ಅಲ್ಲೇ ಐತಿ. ಪ್ರಾಕ್ಸಿ ವಿವರ ಸಿಗಲಿಲ್ಲಂದ್ರ ಮನ್ಯಾಗ ಕುಂತು ಒಮ್ಮೆ ಇಳಿಸ್ಕೊಳ್ರಿ. ಒಮ್ಮೆ ಬಂತಂದ್ರ ನಿಮ್ಮ ಯಂತ್ರದಾಗ ಉಳೀತೈತಿ.

ಹಳೇ_ಡಿಬಿಎ

ಕೈಯಾರೆ ಹಾಕಬಹುದು, ಮತ್ತು ಒಮ್ಮೆ ಹಾಗೆ ಹಾಕಿ ನೋಡುವುದು ಒಳ್ಳೆಯದೇ. ಡಿಬೀವರ್ ಬರೆದಿರುವುದು ಜಾವಾದಲ್ಲಿ. ಅದಕ್ಕೆ ಗೊತ್ತಿರುವುದು ಜೆಡಿಬಿಸಿ ಎಂಬ ಸಾಮಾನ್ಯ ಒಪ್ಪಂದ ಮಾತ್ರ. ಮೈಎಸ್‌ಕ್ಯೂಎಲ್ ಸರ್ವರ್ ತನ್ನದೇ ಪ್ರೋಟೋಕಾಲ್‌ನಲ್ಲಿ ಬೈಟ್‌ಗಳನ್ನು ಕಳಿಸುತ್ತದೆ, ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸ್ ಇನ್ನೊಂದರಲ್ಲಿ. ಒಪ್ಪಂದವನ್ನು ಆ ಬೈಟ್‌ಗಳಾಗಿ ಮಾಡುವ ಜಾರ್ ಫೈಲೇ (ಜಾವಾ ಕೋಡಿನ ಗಂಟು) ಡ್ರೈವರ್. ಮೈಎಸ್‌ಕ್ಯೂಎಲ್‌ಗೆ ಅದರ ಹೆಸರು ಕನೆಕ್ಟರ್/ಜೆ. ಪೂರ್ತಿ ಜಾವಾದಲ್ಲೇ ಇರುವುದರಿಂದ ನಿಮ್ಮ ಲ್ಯಾಪ್‌ಟಾಪಿಗೆ ಮೈಎಸ್‌ಕ್ಯೂಎಲ್ ಹಾಕಬೇಕಿಲ್ಲ. ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಡಿಬೀವರ್ ತನ್ನ ಜಾವಾವನ್ನು ಜೊತೆಗೇ ತರುತ್ತದೆ, ಹಾಗಾಗಿ ಅದೂ ಬೇಡ.

ಮೈಎಸ್‌ಕ್ಯೂಎಲ್‌ನ ಅಧಿಕೃತ ಸೈಟಿನಲ್ಲಿ ಕನೆಕ್ಟರ್/ಜೆ ಪುಟಕ್ಕೆ ಹೋಗಿ ‘ಪ್ಲಾಟ್‌ಫಾರ್ಮ್ ಇಂಡಿಪೆಂಡೆಂಟ್’ ಜಿಪ್ ಇಳಿಸಿ. ಒಳಗಿನ ಜಾರ್ ಫೈಲನ್ನು ಅಳಿಸಿಹೋಗದ ಒಂದು ಫೋಲ್ಡರಿನಲ್ಲಿಡಿ, ಡೌನ್‌ಲೋಡ್ಸ್‌ನಲ್ಲೇ ಬಿಡಬೇಡಿ. ಡಿಬೀವರ್‌ನಲ್ಲಿ ಡೇಟಾಬೇಸ್ ಮೆನು, ಡ್ರೈವರ್ ಮ್ಯಾನೇಜರ್, ಮೈಎಸ್‌ಕ್ಯೂಎಲ್ ಆರಿಸಿ ಎಡಿಟ್. ‘ಲೈಬ್ರರೀಸ್’ ಟ್ಯಾಬ್‌ನಲ್ಲಿ ಮೊದಲೇ ಇರುವ ಮೇವನ್ ಸಾಲು ತೆಗೆದು, ‘ಆ್ಯಡ್ ಫೈಲ್’ ಒತ್ತಿ ನಿಮ್ಮ ಜಾರ್ ತೋರಿಸಿ. ‘ಫೈಂಡ್ ಕ್ಲಾಸ್’ ಒತ್ತಿದರೆ ಕ್ಲಾಸ್ ಹೆಸರು ತಾನೇ ಬರುತ್ತದೆ. ನಡುವೆ ‘ಸಿಜೆ’ ಇರುವುದನ್ನೇ ಆರಿಸಿ. ‘ಸಿಜೆ’ ಇಲ್ಲದ್ದು ಕನೆಕ್ಟರ್/ಜೆ 5.1ರ ಕಾಲದ ಹೆಸರು, ಹಳೆಯ ಪಾಠಗಳಲ್ಲಿ ಈಗಲೂ ಅದೇ ಓಡಾಡುತ್ತಿದೆ. ಮೇವನ್‌ನಲ್ಲಿ ಹುಡುಕುವವರಿಗೆ ಇನ್ನೊಂದು ಮಾತು: 8.0.31ರಿಂದ ಈ ಜಾರ್‌ನ ಹೆಸರೇ ಬದಲಾಗಿದೆ, ಮೊದಲು ‘ಕನೆಕ್ಟರ್-ಜಾವಾ’ ಇದ್ದದ್ದು ಈಗ ‘ಕನೆಕ್ಟರ್-ಜೆ’. ಹಳೆಯ ಹೆಸರಿನಲ್ಲಿ ಹುಡುಕಿದರೆ ಹಳೆಯದೇ ಸಿಗುತ್ತದೆ.

ಜಾರ್ ಹಂಚುವ ಸಿಕ್ಕಸಿಕ್ಕ ಸೈಟುಗಳಿಂದ ದಯವಿಟ್ಟು ಇಳಿಸಬೇಡಿ. ನಿಮ್ಮ ಪಾಸ್‌ವರ್ಡ್ ನೇರವಾಗಿ ಹೋಗುವುದು ಆ ಫೈಲಿನ ಕೈಗೆ.

ಪುಸ್ತಕದ_ಪಟ್ಟಿ

ಜಾರ್ ಹಾಕಿದೆ, ಡ್ರೈವರ್ ತಕರಾರು ಹೋಯಿತು. ಧನ್ಯವಾದ. ಈಗ ಬರುತ್ತಿರುವುದು ‘ಕಮ್ಯುನಿಕೇಷನ್ಸ್ ಲಿಂಕ್ ಫೇಲ್ಯೂರ್’. ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ದಾರಿ) ಮೂಲಕ ಹೋಗಲು ಆಗುತ್ತಿದೆ, ಅಲ್ಲಿ ಮೈಎಸ್‌ಕ್ಯೂಎಲ್ ಓಡುತ್ತಿದೆ. ಫೈರ್‌ವಾಲ್‌ನಲ್ಲಿ 3306 ತೆರೆದುಬಿಡಲೇ?

ಹಳೇ_ಡಿಬಿಎ

ತೆರೆಯಬೇಡಿ.

‘ಡೀಟೇಲ್ಸ್’ ಒತ್ತಿ ಕೆಳಗಿನ ಸಾಲುಗಳನ್ನು ಓದಿ. ‘ಕಮ್ಯುನಿಕೇಷನ್ಸ್ ಲಿಂಕ್ ಫೇಲ್ಯೂರ್’ ಡ್ರೈವರ್ ಹೇಳುವ ಮಾತು. ಸರ್ವರ್ ಜೊತೆ ಮಾತುಕತೆಯೇ ಕುದುರಲಿಲ್ಲ ಎಂದಷ್ಟೇ ಅದರ ಅರ್ಥ. ನಿಜವಾದ ಕಾರಣ ‘ಕಾಸ್ಡ್ ಬೈ’ ಎಂದು ಶುರುವಾಗುವ ಕೊನೆಯ ಸಾಲಿನಲ್ಲಿರುತ್ತದೆ. ಅಲ್ಲಿ ‘ಕನೆಕ್ಷನ್ ರಿಫ್ಯೂಸ್ಡ್’ ಇದ್ದರೆ ಯಂತ್ರದವರೆಗೆ ತಲುಪಿದ್ದೀರಿ, ಆ ವಿಳಾಸದ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ‘ಟೈಮ್ಡ್ ಔಟ್’ ಇದ್ದರೆ ಸಾಮಾನ್ಯವಾಗಿ ದಾರಿಯಲ್ಲಿ ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್ ಎಸೆಯುತ್ತಿದೆ. ‘ಅನ್‌ನೋನ್ ಹೋಸ್ಟ್’ ಇದ್ದರೆ ಹೆಸರೇ ತಪ್ಪು. ಇದೇ ‘ಆಕ್ಸೆಸ್ ಡಿನೈಡ್’ ಬಂದಿದ್ದರೆ ಖುಷಿಪಡಬಹುದಿತ್ತು, ಏಕೆಂದರೆ ಅದು ಮೈಎಸ್‌ಕ್ಯೂಎಲ್ ಸರ್ವರೇ ಹೇಳುವ ಮಾತು, ಅಂದರೆ ನೆಟ್‌ವರ್ಕ್ ಪೂರ್ತಿ ಸರಿ.

ಯಾರು ಹೇಳುತ್ತಿದ್ದಾರೆ, ಟೂಲೋ ಡ್ರೈವರೋ ನೆಟ್‌ವರ್ಕೋ ಸರ್ವರೋ ಎಂಬುದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಉಬುಂಟುವಿನ ಮೈಎಸ್‌ಕ್ಯೂಎಲ್ ಪ್ಯಾಕೇಜ್ ಹಾಕಿದಾಗ ಬೈಂಡ್ ಅಡ್ರೆಸ್ (ಸರ್ವರ್ ಕೇಳಿಸಿಕೊಳ್ಳುವ ವಿಳಾಸ) 127.0.0.1, ಅಂದರೆ ಬರೀ ಆ ಯಂತ್ರದ ಒಳಗೆ, ಇರುತ್ತದೆ. ಹೊರಗಿನಿಂದ ಯಾರಿಗೂ ಕಾಣಬಾರದೆಂದೇ ಹಾಗೆ ಇಟ್ಟಿರುವುದು, ಅದು ಹಾಗೇ ಇರಲಿ. ನಿಮಗೆ ಎಸ್‌ಎಸ್‌ಎಚ್ ಇದೆಯಲ್ಲ, ಅದರೊಳಗಿಂದಲೇ ಹೋಗಿ. ಕನೆಕ್ಷನ್ ಸೆಟ್ಟಿಂಗ್ಸ್‌ನಲ್ಲಿ ‘ಎಸ್‌ಎಸ್‌ಎಚ್’ ಟ್ಯಾಬ್ ತೆರೆದು ಟನೆಲ್ ಆನ್ ಮಾಡಿ, ಅಲ್ಲಿ ಸರ್ವರಿನ ವಿಳಾಸ, ಪೋರ್ಟ್ 22, ನಿಮ್ಮ ಕೀ ಫೈಲ್ ಕೊಡಿ. ‘ಮೇನ್’ ಟ್ಯಾಬ್‌ನ ಹೋಸ್ಟ್ ಜಾಗದಲ್ಲಿ ಮಾತ್ರ 127.0.0.1 ಇರಬೇಕು. ಟನೆಲ್ ಹಾಕಿದ ಮೇಲೆ ಆ ವಿಳಾಸವನ್ನು ಓದುವುದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಸರ್ವರ್. ಬಹಳ ಜನ ಎಡವುವುದು ಇಲ್ಲೇ.

ಪುಸ್ತಕದ_ಪಟ್ಟಿ

ನೀವು ಹೇಳಿದಂತೆ ‘ರಿಫ್ಯೂಸ್ಡ್’ ಎಂದೇ ಇತ್ತು. ಟನೆಲ್ ಹಾಕಿದೆ, ದಾಟಿತು. ಈಗಿನದು: ‘ಪಬ್ಲಿಕ್ ಕೀ ರಿಟ್ರೀವಲ್ ಈಸ್ ನಾಟ್ ಅಲೌಡ್’. ಹುಡುಕಿದರೆ ಎಲ್ಲ ಕಡೆ ಒಂದೇ ಉತ್ತರ: ಡ್ರೈವರ್ ಪ್ರಾಪರ್ಟೀಸ್‌ನಲ್ಲಿ ‘ಅಲೌ ಪಬ್ಲಿಕ್ ಕೀ ರಿಟ್ರೀವಲ್’ ಅನ್ನು ಟ್ರೂ ಮಾಡಿ ಅಂತ. ವಿಚಿತ್ರವೆಂದರೆ ಸರ್ವರಿನ ಟರ್ಮಿನಲ್‌ನಲ್ಲಿ ಇದೇ ಯೂಸರ್ ಆಗಿ ಒಮ್ಮೆ ಲಾಗಿನ್ ಆಗಿ ಬಂದ ಮೇಲೆ ಡಿಬೀವರ್ ಕೂಡ ತೊಂದರೆಯಿಲ್ಲದೆ ತೆರೆಯಿತು! ಸರ್ವರ್ ರೀಸ್ಟಾರ್ಟ್ ಆದ ಮೇಲೆ ಮತ್ತೆ ಅದೇ ತಕರಾರು.

ಕಡಲತೀರ

ಟ್ರೂ ಮಾಡಿಬಿಡಿ ಮಾರಾಯ್ರೆ, ನಾವೆಲ್ಲ ಅದನ್ನೇ ಮಾಡುವುದು. ಎರಡು ಸೆಕೆಂಡಿನ ಕೆಲಸ.

ಹಳೇ_ಡಿಬಿಎ

ಕಡಲತೀರ ಅವರೇ, ಈ ಸಂದರ್ಭದಲ್ಲಿ ಕೊನೆಗೆ ಅದನ್ನೇ ಮಾಡಬಹುದು. ಆದರೆ ಯಾಕೆ ಮಾಡಬಹುದು ಎಂದು ತಿಳಿದೇ ಮಾಡಬೇಕು. ಇನ್ನೊಂದು ಸಂದರ್ಭದಲ್ಲಿ ಅದೇ ಸೆಟ್ಟಿಂಗ್ ಪಾಸ್‌ವರ್ಡನ್ನು ಬೇರೆಯವರಿಗೆ ಒಪ್ಪಿಸಿಬಿಡಬಲ್ಲದು.

2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ತನ್ನ ಪಾಸ್‌ವರ್ಡ್ ಪದ್ಧತಿಯನ್ನು ‘ಕ್ಯಾಶಿಂಗ್ ಶಾ2’ಗೆ ಬದಲಿಸಿತು. ಒಬ್ಬ ಯೂಸರ್ ಮೊದಲ ಸಲ ಬಂದಾಗ ಪೂರ್ಣ ಪರೀಕ್ಷೆ ಆಗಬೇಕು, ಅದಕ್ಕೆ ಪಾಸ್‌ವರ್ಡ್ ಸರ್ವರ್ ತನಕ ಹೋಗಲೇಬೇಕು. ಸಂಪರ್ಕ ಟಿಎಲ್‌ಎಸ್ ಎಂಬ ಗೂಢಲಿಪಿಯ ಒಳಗಿದ್ದರೆ ಆ ಹೊದಿಕೆಯೇ ಸಾಕು. ಟಿಎಲ್‌ಎಸ್ ಇಲ್ಲದಿದ್ದರೆ ಪಾಸ್‌ವರ್ಡನ್ನು ಸರ್ವರಿನ ಪಬ್ಲಿಕ್ ಕೀಯಿಂದ ಮುಚ್ಚಿ ಕಳಿಸಬೇಕು. ಆ ಕೀ ಡ್ರೈವರ್ ಬಳಿ ಇಲ್ಲ, ಸರ್ವರನ್ನೇ ಕೇಳಿ ಪಡೆಯಬೇಕು. ನಡುವೆ ಕೂತ ಯಾರಾದರೂ ‘ತಗೋ, ಇದೇ ಕೀ’ ಎಂದು ತಮ್ಮದನ್ನು ಕೊಟ್ಟರೆ ಡ್ರೈವರ್ ನಂಬಿ ಪಾಸ್‌ವರ್ಡನ್ನು ಅವರಿಗೆ ತೆರೆಯಲು ಬರುವಂತೆ ಮುಚ್ಚಿ ಕಳಿಸುತ್ತದೆ. ಅದಕ್ಕೇ ಕನೆಕ್ಟರ್/ಜೆ ತಾನಾಗಿ ಕೀ ಕೇಳುವುದಿಲ್ಲ, ‘ಅನುಮತಿ ಇಲ್ಲ’ ಎಂದು ನಿಲ್ಲುತ್ತದೆ. ಈ ಮಾತು ಹೇಳುತ್ತಿರುವುದು ಸರ್ವರ್ ಅಲ್ಲ, ಡ್ರೈವರ್.

ನೀವು ಕಂಡ ವಿಚಿತ್ರಕ್ಕೂ ಉತ್ತರ ಇದರಲ್ಲೇ ಇದೆ. ಒಮ್ಮೆ ಪೂರ್ಣ ಪರೀಕ್ಷೆ ಗೆದ್ದರೆ ಸರ್ವರ್ ಆ ಯೂಸರಿನ ಗುರುತನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಟರ್ಮಿನಲ್‌ನಿಂದ ನೀವು ಲಾಗಿನ್ ಆದಾಗ ಆ ಗುರುತು ಉಳಿಯಿತು. ಮುಂದಿನ ಸಲ ಡಿಬೀವರ್‌ಗೆ ಚಿಕ್ಕ ಪರೀಕ್ಷೆಯೇ ಸಾಕಾಯಿತು, ಕೀ ಬೇಕಾಗಲೇ ಇಲ್ಲ. ರೀಸ್ಟಾರ್ಟ್ ಆದಾಗ ಮೆಮೊರಿ ಖಾಲಿ, ಮತ್ತೆ ಪೂರ್ಣ ಪರೀಕ್ಷೆ. ‘ನಿನ್ನೆ ಕೆಲಸ ಮಾಡ್ತಿತ್ತು, ಇವತ್ತು ಮಾಡ್ತಿಲ್ಲ’ ಎಂದು ಈ ತಕರಾರಿನ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇದೇ.

ನಿಮ್ಮ ವಿಷಯಕ್ಕೆ ಬಂದರೆ, ನೀವು ಎಸ್‌ಎಸ್‌ಎಚ್ ಟನೆಲ್ ಒಳಗಿದ್ದೀರಿ. ಲ್ಯಾಪ್‌ಟಾಪಿನಿಂದ ಸರ್ವರ್‌ವರೆಗೆ ದಾರಿ ಗೂಢಲಿಪಿಯಲ್ಲೇ ಇದೆ, ನಡುವೆ ಕೂರಲು ಯಾರಿಗೂ ಜಾಗವಿಲ್ಲ. ಹಾಗಾಗಿ ಟ್ರೂ ಮಾಡಿ. ಟನೆಲ್ ಇಲ್ಲದೆ ನೇರವಾಗಿ ಹೋಗುವವರು ‘ಎಸ್‌ಎಸ್‌ಎಲ್’ (ಟಿಎಲ್‌ಎಸ್‌ನ ಹಳೆಯ ಹೆಸರು) ಟ್ಯಾಬ್ ಆನ್ ಮಾಡಿ, ಸರ್ವರಿನ ಗುರುತಿಗೆ ಸಾಕ್ಷಿ ಹೇಳುವ ಸಿಎ ಸರ್ಟಿಫಿಕೇಟ್ ಕೊಟ್ಟು ಪರಿಶೀಲನೆ ಹಾಕಿಕೊಳ್ಳಿ. ಆಗ ಈ ಸಂದೇಶ ಬರುವುದೇ ಇಲ್ಲ. ಯೂಸರನ್ನೇ ಹಳೆಯ ‘ನೇಟಿವ್ ಪಾಸ್‌ವರ್ಡ್’ ಪದ್ಧತಿಗೆ ಇಳಿಸಿ ಎಂಬ ಸಲಹೆಯೂ ಕಾಣಿಸುತ್ತದೆ. ಅದನ್ನು ಕೇಳಬೇಡಿ, 9.0ರಿಂದ ಆ ಪದ್ಧತಿಯನ್ನು ಸರ್ವರ್‌ನಿಂದಲೇ ತೆಗೆದಿದ್ದಾರೆ.

ಕಡಲತೀರ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬ ಉಪಕಾರ. ನನ್ನದೊಂದು ಪೋಸ್ಟ್‌ಗ್ರೆಸ್ ತಕರಾರು ಇದೇ ಜಾತಿಯದ್ದಾ ನೋಡಿ: ‘ಅಥೆಂಟಿಕೇಷನ್ ಟೈಪ್ 10 ಈಸ್ ನಾಟ್ ಸಪೋರ್ಟೆಡ್’. ಸರ್ವರ್ 14ಕ್ಕೆ ಏರಿಸಿ, ಪಾಸ್‌ವರ್ಡ್ ಹೊಸದು ಮಾಡಿದ ಮೇಲೆ ಶುರುವಾಯಿತು. ಯಾರು ಹೇಗೆ ಲಾಗಿನ್ ಆಗಬೇಕೆಂದು ಹೇಳುವ ಎಚ್‌ಬಿಎ ಫೈಲಿನಲ್ಲಿ ಹಳೆಯ ಪದ್ಧತಿ ಎಂಡಿ5 ಎಂದು ಬರೆದರೂ ಹೋಗಲಿಲ್ಲ.

ಹಳೇ_ಡಿಬಿಎ

ಒಂದೇ ಜಾತಿ. ಟೈಪ್ 10 ಎಂದರೆ ಸ್ಕ್ರ್ಯಾಮ್ ಎಂಬ ಹೊಸ ಪಾಸ್‌ವರ್ಡ್ ಪದ್ಧತಿ. ಪೋಸ್ಟ್‌ಗ್ರೆಸ್ 14ರಿಂದ ಹೊಸ ಪಾಸ್‌ವರ್ಡ್‌ಗಳನ್ನು ಡೀಫಾಲ್ಟ್ ಆಗಿ ಅದರಲ್ಲೇ ಉಳಿಸುತ್ತದೆ. ನಿಮ್ಮ ಜಾರ್‌ಗೆ ಸ್ಕ್ರ್ಯಾಮ್ ಗೊತ್ತಿಲ್ಲ, 42.2.0ಕ್ಕಿಂತ ಹಿಂದಿನದು ಇರಬೇಕು. ಎಚ್‌ಬಿಎ ಫೈಲಿನಲ್ಲಿ ಎಂಡಿ5 ಎಂದಿದ್ದರೂ ಪಾಸ್‌ವರ್ಡ್ ಸ್ಕ್ರ್ಯಾಮ್‌ನಲ್ಲಿ ಉಳಿದಿದ್ದರೆ ಸರ್ವರ್ ಸ್ಕ್ರ್ಯಾಮನ್ನೇ ಕೇಳುತ್ತದೆ, ಅದಕ್ಕೇ ಪ್ರಯೋಜನವಾಗಲಿಲ್ಲ. ಸರ್ವರನ್ನು ಮುಟ್ಟಬೇಡಿ, ಜಾರ್ ಬದಲಿಸಿ.

ಮೈಸೂರು_ಎಸ್‌ಕ್ಯೂಎಲ್

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ಗೆ ಹೊಸ ಜೆಡಿಬಿಸಿ ಡ್ರೈವರ್ ಹಾಕಿದ ತಕ್ಷಣ ‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಬರುತ್ತಿದೆ. ಹಳೆಯ ಡ್ರೈವರ್‌ನಲ್ಲಿ ಬರುತ್ತಿರಲಿಲ್ಲ. ಸರ್ವರ್ ಬದಲಾಗಿಲ್ಲ.

ಜೋಳದರೊಟ್ಟಿ_ಜಾವಾ

ಆ ಡ್ರೈವರ್ 10.2ರಿಂದ ‘ಎನ್‌ಕ್ರಿಪ್ಟ್’ ಡೀಫಾಲ್ಟ್ ಆಗಿ ಟ್ರೂ ಆಗೇತಿ. ನಿಮ್ಮ ಸರ್ವರಿನ ಸರ್ಟಿಫಿಕೇಟ್ ಅದಾ ಮಾಡ್ಕೊಂಡದ್ದು, ಜಾವಾ ಅದನ್ನ ನಂಬೂದಿಲ್ಲ. ಸ್ವಂತ ಯಂತ್ರದಾಗಿನ ಪ್ರಯೋಗಕ್ಕಾದ್ರ ‘ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್’ ಟ್ರೂ ಮಾಡ್ರಿ. ಮಂದಿ ಡೇಟಾ ಇರೋ ಸರ್ವರ್ ಆದ್ರ ಸರ್ಟಿಫಿಕೇಟನ್ನ ಜಾವಾದ ಟ್ರಸ್ಟ್ ಸ್ಟೋರಿಗೆ ಸೇರಿಸ್ರಿ, ಸ್ವಲ್ಪ ಹೊತ್ತು ಹಿಡಿದ್ರೂ ಅದಾ ಖರೆ ದಾರಿ.

ಪುಸ್ತಕದ_ಪಟ್ಟಿ

ಸಂಪರ್ಕ ಪಕ್ಕಾ ಆಯಿತು. ಡೇಟಾ ಸಾಗಿಸುವುದಕ್ಕೆ ಆಕ್ಸೆಸ್‌ನಿಂದಲೇ ಓಡಿಬಿಸಿ (ಜೆಡಿಬಿಸಿಯಂಥದ್ದೇ, ವಿಂಡೋಸಿನಲ್ಲಿ ಬಳಸುವ ಒಪ್ಪಂದ) ಮೂಲಕ ಮೈಎಸ್‌ಕ್ಯೂಎಲ್‌ಗೆ ಎಕ್ಸ್‌ಪೋರ್ಟ್ ಮಾಡಿದೆವು. ಮೊದಲು ‘ಡ್ರೈವರ್ ಮತ್ತು ಅಪ್ಲಿಕೇಷನ್ ನಡುವೆ ಆರ್ಕಿಟೆಕ್ಚರ್ ಮಿಸ್‌ಮ್ಯಾಚ್’ ಎಂದಿತು. ನಮ್ಮ ಆಫೀಸ್ 32 ಬಿಟ್, ಹಾಕಿದ್ದ ಡ್ರೈವರ್ 64 ಬಿಟ್. 32 ಬಿಟ್‌ನದು ಹಾಕಿದ ಮೇಲೆ ಸರಿಹೋಯಿತು.

ಈಗ ಟೇಬಲ್ ತುಂಬಿದೆ, ಆದರೆ ನೋಡಿ: ಇತ್ತೀಚೆಗೆ ಸೇರಿಸಿದ ಪುಸ್ತಕಗಳ ಹೆಸರೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಹಳೆಯ ಪುಸ್ತಕಗಳ ಹೆಸರು ಬೇರೆಯೇ ಥರ, ಮೇಲೆ ಗೀಟು ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳು. ಟೇಬಲ್ ಯುಟಿಎಫ್8ಎಂಬಿ4 (ಕನ್ನಡವೂ ಹಿಡಿಸುವ ಯೂನಿಕೋಡ್ ಬಗೆ) ಎಂದೇ ಇದೆ, ನೋಡಿಕೊಂಡಿದ್ದೇನೆ. ಒಂದೇ ಕಾಲಮ್ಮಿನಲ್ಲಿ ಎರಡು ಥರದ ಹಾಳು ಹೇಗೆ?

ಹಳೇ_ಡಿಬಿಎ

ಓಡಿಬಿಸಿ ಪಟ್ಟಿಯಲ್ಲಿ ಮೈಎಸ್‌ಕ್ಯೂಎಲ್ ಹೆಸರಿನಲ್ಲಿ ಎರಡು ಡ್ರೈವರ್ ಕಾಣುತ್ತವೆ, ಒಂದು ‘ಆನ್ಸಿ’, ಇನ್ನೊಂದು ‘ಯೂನಿಕೋಡ್’. ಯಾವುದನ್ನು ಆರಿಸಿದ್ದೀರಿ? ಮತ್ತು ಒಂದು ಪ್ರಶ್ನಾರ್ಥಕ ಸಾಲಿನ ಮೇಲೆ, ಉಳಿದಿರುವ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಫಂಕ್ಷನ್ ಓಡಿಸಿ ಏನು ಬರುತ್ತದೆ ಹೇಳಿ.

ಪುಸ್ತಕದ_ಪಟ್ಟಿ

ಪಟ್ಟಿಯಲ್ಲಿ ಮೊದಲು ಇದ್ದದ್ದು ಆನ್ಸಿ, ಅದೇ ಇದೆ. ಹೆಕ್ಸ್‌ನಲ್ಲಿ ಬರೀ 3ಎಫ್ 3ಎಫ್ 3ಎಫ್.

ಹಳೇ_ಡಿಬಿಎ

ಹಾಗಾದರೆ ಆ ಸಾಲುಗಳ ಕನ್ನಡ ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲವೇ ಇಲ್ಲ. 3ಎಫ್ ಎಂದರೆ ಪ್ರಶ್ನಾರ್ಥಕ ಚಿಹ್ನೆಯೇ. ‘ಕ’ ಅಕ್ಷರ ಸರಿಯಾಗಿ ಉಳಿದಿದ್ದರೆ ಇ0 ಬಿ2 95 ಎಂಬ ಮೂರು ಬೈಟ್ ಕಾಣಬೇಕಿತ್ತು. ಕನ್ನಡದ ಪ್ರತಿ ಅಕ್ಷರ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್, ಶುರುವಾಗುವುದು ಇ0 ಬಿ2 ಅಥವಾ ಇ0 ಬಿ3ರಿಂದ. ಹೆಕ್ಸ್‌ನಲ್ಲಿ ಅದು ಇದ್ದು ಪರದೆಯಲ್ಲಿ ಮಾತ್ರ ಪ್ರಶ್ನಾರ್ಥಕ ಕಂಡರೆ ಡೇಟಾ ಸುರಕ್ಷಿತ, ಓದುವ ಕಡೆಯ ದೋಷ. ಹೆಕ್ಸ್‌ನಲ್ಲೇ 3ಎಫ್ ಇದ್ದರೆ ಸರ್ವರ್ ಕಡೆ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಮೂಲ ಆಕ್ಸೆಸ್ ಫೈಲ್ ಜೋಪಾನ.

ಆನ್ಸಿ ಡ್ರೈವರ್ ಪ್ರತಿ ಅಕ್ಷರವನ್ನೂ ವಿಂಡೋಸಿನ ಪಶ್ಚಿಮ ಯುರೋಪಿನ ಕೋಡ್ ಪೇಜ್ ಮೂಲಕ ಹಾಯಿಸಿದೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ, ಸಿಗದ ಪ್ರತಿ ಅಕ್ಷರದ ಜಾಗಕ್ಕೆ ಪ್ರಶ್ನಾರ್ಥಕ ಹಾಕಿ ಮುಂದೆ ಕಳಿಸಿದೆ. ಟೇಬಲ್ ಯುಟಿಎಫ್8ಎಂಬಿ4 ಇದ್ದೂ ಉಪಯೋಗವಾಗಲಿಲ್ಲ, ನಷ್ಟ ಆದದ್ದು ನಿಮ್ಮ ಲ್ಯಾಪ್‌ಟಾಪಿನಲ್ಲೇ. ಹಳೆಯ ಸಾಲುಗಳು ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದವು ಎಂಬುದು ನನ್ನ ಊಹೆ. ಆ ಕಾಲದ ಪಠ್ಯ ಯೂನಿಕೋಡ್ ಅಲ್ಲ, ಕಂಪ್ಯೂಟರಿಗೆ ಅವೆಲ್ಲ ಯುರೋಪಿನ ಅಕ್ಷರಗಳೇ. ಅವು ಆ ಕೋಡ್ ಪೇಜ್‌ನಲ್ಲಿ ಇರುವುದರಿಂದ ಆನ್ಸಿ ಡ್ರೈವರ್ ಅವನ್ನು ಒಂದಿಷ್ಟೂ ಕೆಡಿಸದೆ ದಾಟಿಸಿದೆ. ವಿಚಿತ್ರ ಕಾಣುವ ಹಳೆಯ ಸಾಲುಗಳು ಪೂರ್ತಿ ಕ್ಷೇಮ, ಹೊಸ ಸಾಲುಗಳೇ ಹೋದವು.

ನುಡಿಯಿಂದ_ಯೂನಿಕೋಡ್

ನುಡಿ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಲು ಸುಲಭ ಗುರುತು ಹೇಳುತ್ತೇನೆ. ‘ಕನ್ನಡ’ ಎಂಬ ಪದ ಇರುವ ಒಂದು ಹೆಸರು ಹುಡುಕಿ. ನುಡಿ ಪಠ್ಯವಾದರೆ ಅಲ್ಲಿ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಎ ಕಾಣುತ್ತವೆ. ಹಳೆಯ ಸರ್ಕಾರಿ ಕಡತ ನೋಡಿದವರಿಗೆಲ್ಲ ಈ ಸಾಲು ಕಣ್ಣಿಗೆ ಕಟ್ಟಿದೆ.

ಪುಸ್ತಕದ_ಪಟ್ಟಿ

ಹೌದು! ಅಕ್ಷರಶಃ ಅದೇ. ಹಾಗಾದರೆ ಒಂದೊಂದು ಚಿಹ್ನೆಗೆ ಒಂದೊಂದು ಕನ್ನಡ ಅಕ್ಷರ ಅಂತ ರಿಪ್ಲೇಸ್ ಕ್ವೆರಿ ಬರೆದರೆ ಆಯಿತಲ್ಲ?

ನುಡಿಯಿಂದ_ಯೂನಿಕೋಡ್

ಆಗುವುದಿಲ್ಲ, ದಯವಿಟ್ಟು ಆ ದಾರಿ ಹಿಡಿಯಬೇಡಿ. ನುಡಿಯಲ್ಲಿ ಉಳಿದಿರುವುದು ಕಣ್ಣಿಗೆ ಕಾಣುವ ತುಂಡುಗಳ ಕ್ರಮ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ. ‘ಕರ್ನಾಟಕ’ ತೆಗೆದುಕೊಳ್ಳಿ. ನುಡಿಯಲ್ಲಿ ಕ, ನಾ, ಅರ್ಕಾವತ್ತು, ಟ, ಕ ಎಂದು ಇರುತ್ತದೆ. ಯೂನಿಕೋಡ್‌ನಲ್ಲಿ ಆ ‘ರ್’ ‘ನಾ’ಕ್ಕಿಂತ ಮೊದಲು ಬರಬೇಕು. ಬರೀ ರಿಪ್ಲೇಸ್ ಮಾಡಿದರೆ ‘ಕನಾರ್ಟಕ’ ಆಗುತ್ತದೆ. ಇದೇ ತಪ್ಪು ಎಷ್ಟೋ ಜಾಲತಾಣಗಳಲ್ಲಿ ಇನ್ನೂ ಉಳಿದಿದೆ, ನೋಡಿದಾಗಲೆಲ್ಲ ನೋವಾಗುತ್ತದೆ. ದೀರ್ಘ, ಒತ್ತಕ್ಷರಗಳಲ್ಲೂ ಹೀಗೇ ತುಂಡುಗಳನ್ನು ಕೂಡಿಸುವ ಕೆಲಸ ಇದೆ. ಇದನ್ನು ಬಲ್ಲ ಪರಿವರ್ತಕಗಳು, ಪೈಥಾನ್ ಸ್ಕ್ರಿಪ್ಟ್‌ಗಳು ಮುಕ್ತವಾಗಿ ಸಿಗುತ್ತವೆ. ಡೇಟಾಬೇಸಿನ ಹೊರಗೆ ಪರಿವರ್ತಿಸಿ ಒಳಗೆ ತನ್ನಿ. ನುಡಿ ಪಠ್ಯವನ್ನು ಹಾಗೇ ಬಿಟ್ಟರೆ ಫೋನಿನಲ್ಲಿ ‘ಕಾದಂಬರಿ’ ಎಂದು ಟೈಪ್ ಮಾಡಿದ ಓದುಗರಿಗೆ ಆ ಪುಸ್ತಕಗಳಲ್ಲಿ ಒಂದೂ ಸಿಗುವುದಿಲ್ಲ.

ಹಳೇ_ಡಿಬಿಎ

ಸಾಗಿಸುವ ದಾರಿಯನ್ನೂ ಬದಲಿಸಿ, ಓಡಿಬಿಸಿ ಬೇಕಾಗೇ ಇಲ್ಲ. ಡಿಬೀವರ್‌ನಲ್ಲಿ ‘ಎಂಎಸ್ ಆಕ್ಸೆಸ್’ ಕನೆಕ್ಷನ್ ಇದೆ, ಅದು ಯುಕ್ಯಾನ್ಆಕ್ಸೆಸ್ ಎಂಬ ಪೂರ್ತಿ ಜಾವಾ ಡ್ರೈವರ್ ಬಳಸುತ್ತದೆ. ಮೊದಲೆಲ್ಲ ಜಾವಾದಿಂದ ಆಕ್ಸೆಸ್ ತೆರೆಯಲು ಜೆಡಿಬಿಸಿ-ಓಡಿಬಿಸಿ ಬ್ರಿಡ್ಜ್ ಬಳಸುತ್ತಿದ್ದೆವು, ಜಾವಾ 8ರಲ್ಲಿ ಅದನ್ನು ತೆಗೆದುಹಾಕಿದರು. ಹಳೆಯ ಪುಸ್ತಕದಲ್ಲಿ ಆ ವಿಧಾನ ಕಂಡರೆ ಬಿಟ್ಟು ಮುಂದೆ ಹೋಗಿ. ಯುಕ್ಯಾನ್ಆಕ್ಸೆಸ್‌ಗೆ 32 ಬಿಟ್, 64 ಬಿಟ್ ಜಗಳವಿಲ್ಲ, ಆಫೀಸ್ ಕೂಡ ಬೇಡ. ಒಂದೇ ಜಾರ್ ಸಾಲದು, ಜ್ಯಾಕ್‌ಸೆಸ್, ಎಚ್‌ಎಸ್‌ಕ್ಯೂಎಲ್‌ಡಿಬಿ ಮತ್ತು ಎರಡು ಅಪಾಚೆ ಕಾಮನ್ಸ್ ಜಾರ್‌ಗಳೂ ಜೊತೆಗಿರಬೇಕು. ಡೌನ್‌ಲೋಡ್ ನಡೆದರೆ ಡಿಬೀವರ್ ಎಲ್ಲವನ್ನೂ ತಾನೇ ತರುತ್ತದೆ. ಇದನ್ನು ಮಾತ್ರ ಜೋಳದರೊಟ್ಟಿಯವರು ಹೇಳಿದಂತೆ ಮನೆಯ ನೆಟ್‌ನಲ್ಲಿ ಮಾಡಿ.

ಆಕ್ಸೆಸ್ 2000ದಿಂದ ಈಚಿನ ಫೈಲುಗಳು ಪಠ್ಯವನ್ನು ಯೂನಿಕೋಡ್‌ನಲ್ಲೇ ಇಡುತ್ತವೆ, ಜಾವಾ ಡ್ರೈವರ್ ಹಾಗೇ ಓದುತ್ತದೆ. ಹೊಸ ಸಾಲುಗಳ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಟೇಬಲ್ ಮೇಲೆ ರೈಟ್ ಕ್ಲಿಕ್, ‘ಎಕ್ಸ್‌ಪೋರ್ಟ್ ಡೇಟಾ’, ಗುರಿ ‘ಡೇಟಾಬೇಸ್’ ಎಂದು ಆರಿಸಿ ನಿಮ್ಮ ಮೈಎಸ್‌ಕ್ಯೂಎಲ್ ಕನೆಕ್ಷನ್ ತೋರಿಸಿ. ನೇರವಾಗಿ ನಿಜವಾದ ಟೇಬಲ್‌ಗೆ ಬೇಡ, ತಾತ್ಕಾಲಿಕ ಟೇಬಲ್ ಒಂದಕ್ಕೆ ತನ್ನಿ. ಪುಸ್ತಕದ ಹೆಸರಿನ ಹೆಕ್ಸ್‌ನಲ್ಲಿ ಇ0ಬಿ2 ಅಥವಾ ಇ0ಬಿ3 ಇದ್ದ ಸಾಲುಗಳು ಯೂನಿಕೋಡ್, ಹಾಗೇ ಮುಂದಕ್ಕೆ. ಉಳಿದವು ನುಡಿ ಅಥವಾ ನಿಜವಾದ ಇಂಗ್ಲಿಷ್ ಹೆಸರುಗಳು. ಅವನ್ನು ಕಣ್ಣಿಟ್ಟು ಬೇರ್ಪಡಿಸಿಯೇ ಪರಿವರ್ತಕಕ್ಕೆ ಕೊಡಿ. ಇಂಗ್ಲಿಷ್ ಪುಸ್ತಕದ ಹೆಸರನ್ನು ಅದಕ್ಕೆ ಕೊಟ್ಟರೆ ಅರ್ಥವಿಲ್ಲದ ಕನ್ನಡ ಹೊರಬರುತ್ತದೆ.

ಪುಸ್ತಕದ_ಪಟ್ಟಿ

ಯುಕ್ಯಾನ್ಆಕ್ಸೆಸ್‌ನಲ್ಲಿ ತೆರೆದೆ. ಹೊಸ ಪುಸ್ತಕಗಳ ಹೆಸರೆಲ್ಲ ಸ್ವಚ್ಛ ಕನ್ನಡದಲ್ಲಿವೆ, ಮೈಎಸ್‌ಕ್ಯೂಎಲ್‌ಗೆ ಬಂದ ಮೇಲೂ ಹಾಗೇ ಇವೆ, ಹೆಕ್ಸ್ ನೋಡಿದೆ. ನುಡಿ ಸಾಲುಗಳನ್ನು ಬೇರೆ ಮಾಡಿ ಮಕ್ಕಳ ಪುಸ್ತಕಗಳ ಕಪಾಟಿನಿಂದ ಪರಿವರ್ತನೆ ಶುರುಮಾಡಿದ್ದೇವೆ. ನಿವೃತ್ತ ಮೇಷ್ಟರೊಬ್ಬರು ಪ್ರತಿ ಹೆಸರನ್ನೂ ಪುಸ್ತಕದ ರಕ್ಷಾಪುಟದ ಜೊತೆ ಹೋಲಿಸಿ ನೋಡುತ್ತಿದ್ದಾರೆ. ಅವರಿಗೂ ಡಿಬೀವರ್ ಹಾಕಿಕೊಡಬೇಕು, ಆದರೆ ಏನೂ ಅಳಿಸಿಹೋಗಬಾರದು.

ಜೋಳದರೊಟ್ಟಿ_ಜಾವಾ

ಅವರಿಗೆ ಬ್ಯಾರೆ ಮೈಎಸ್‌ಕ್ಯೂಎಲ್ ಯೂಸರ್ ಮಾಡ್ರಿ, ಆ ಒಂದು ಡೇಟಾಬೇಸ್ ಮ್ಯಾಲೆ ‘ಸೆಲೆಕ್ಟ್’ ಅಷ್ಟಾ ಕೊಡ್ರಿ. ಡಿಬೀವರ್‌ದಾಗ ‘ರೀಡ್ ಓನ್ಲಿ’ ಟಿಕ್ ಐತಿ, ಅದನ್ನೂ ಹಾಕ್ರಿ, ಆದ್ರ ಅದೊಂದನ್ನಾ ನಂಬಬ್ಯಾಡ್ರಿ. ಅನುಮತಿ ಸರ್ವರ್‌ನಾಗ ಇರಬೇಕು. ನಿಮ್ಮ ಸ್ವಂತ ಕನೆಕ್ಷನ್ನಿನ ಟೈಪ್ ‘ಪ್ರೊಡಕ್ಷನ್’ ಅಂತ ಮಾಡ್ರಿ, ಕೆಂಪು ಬಣ್ಣ ಬರತೈತಿ, ಯಾವುದು ಪ್ರಯೋಗದ್ದು ಯಾವುದು ಖರೇದ್ದು ಅಂತ ಕಣ್ಣಿಗೆ ಗೊತ್ತಾಗತೈತಿ.

ನುಡಿಯಿಂದ_ಯೂನಿಕೋಡ್

ಮೇಷ್ಟರಿಗೆ ನನ್ನ ನಮಸ್ಕಾರ ತಿಳಿಸಿ. ಅರ್ಕಾವತ್ತು ಇರುವ ಹೆಸರುಗಳನ್ನು ಮೊದಲು ನೋಡಲು ಹೇಳಿ, ಪರಿವರ್ತಕಗಳು ಹೆಚ್ಚು ಸೋಲುವುದು ಅಲ್ಲಿ. ತಪ್ಪಾಗಿ ಬಂದ ಪದಗಳನ್ನು ಮೂಲ ರೂಪದ ಜೊತೆಗೆ ಇಲ್ಲೇ ಹಾಕುತ್ತಾ ಬನ್ನಿ. ಯಾವ ನಿಯಮ ಬಿಟ್ಟುಹೋಗಿದೆ ಎಂದು ಒಂದೊಂದಾಗಿ ನೋಡೋಣ.